ಮನೆಯ ಆಟಕ್ಕೆ ಮನೆಯದೇ ಸದ್ದು

ರಜೆ ಬಂದರೆ ಸಾಕು, ಮಕ್ಕಳು ಕಂಪ್ಯೂಟರ್ ಮುಂದಿನಿಂದ ಏಳುವುದಿಲ್ಲ ಎಂಬುದು ಎಲ್ಲ ತಾಯಂದಿರ ದೂರು. ನನ್ನದೂ ಅದೇ ದೂರಾಗಿತ್ತು. ಮಗಳು ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡ ಮೇಲಂತೂ "ಓದುತ್ತಿದ್ದೇನೆ ಅಮ್ಮಿ" ಎಂಬ ಉತ್ತರ ಸದಾ ಸಿದ್ಧವಿರುತ್ತಿತ್ತು. ಒಂದು ದಿನ ಬೈಯಲೆಂದೇ ಹೋಗಿ ಹಿಂದೆ ನಿಂತೆ. ಪರದೆಯ ಮೇಲೆ ಒಂದು ಅಂಗಳ, ಅಂಗಳದ ತುಂಬಾ ಚದುರಿದ ಕೋಳಿಮರಿಗಳು, ಮೂಲೆಯಲ್ಲೊಂದು ಗೂಡು. ಮಳೆ ಬರುವುದರೊಳಗೆ ಮರಿಗಳನ್ನೆಲ್ಲ ಗೂಡಿಗೆ ಸೇರಿಸಬೇಕು. ನಡುವೆ ಹದ್ದು ಎರಗುತ್ತದೆ. ಇದು ಯಾರದೋ ಆಟವಲ್ಲ, ಅವಳೇ ಕೂತು ಮಾಡುತ್ತಿದ್ದ ಆಟ.

ಇಂತಹ ಆಟ ಮಾಡಲು ಹಣ ಕೊಟ್ಟು ಏನನ್ನೂ ಕೊಳ್ಳಬೇಕಿಲ್ಲ ಎಂಬುದು ನನಗೆ ಅಂದೇ ತಿಳಿದದ್ದು. ಅವಳು ಬಳಸುತ್ತಿದ್ದ ಗೊಡಾಟ್ ಎಂಬ ತಂತ್ರಾಂಶವನ್ನು ಅರ್ಜೆಂಟೀನಾ ದೇಶದ ಇಬ್ಬರು ಆರಂಭಿಸಿದರು. 2014ರಿಂದ ಅದು ಎಲ್ಲರಿಗೂ ಮುಕ್ತವಾಗಿದೆ, ಉಚಿತವಾಗಿದೆ.

ನನ್ನ ತಾಯಿ ಆಗ ನಮ್ಮ ಮನೆಯಲ್ಲೇ ಇದ್ದರು. ಮಕ್ಕಳಿಗೆ ಅವರು ನಾನಿ. ಜೀವಮಾನವಿಡೀ ಕೋಳಿ ಸಾಕಿದವರು. ಮೊಮ್ಮಗಳ ಪಕ್ಕ ಕುರ್ಚಿ ಹಾಕಿಕೊಂಡು ಸ್ವಲ್ಪ ಹೊತ್ತು ನೋಡಿದರು. ನಂತರ, "ಇದೇನು ಮಗಾ, ನಿನ್ನ ಕೋಳಿಗೆ ಬಾಯಿಲ್ಲ, ಮಳೆಗೆ ಸದ್ದಿಲ್ಲ. ಹದ್ದು ಬಂದದ್ದು ಮರಿಗೆ ಗೊತ್ತಾಗುವುದು ಹೇಗೆ?" ಎಂದರು.

ಆ ಮಾತಿನಲ್ಲಿ ಆಟ ಮಾಡುವವರಿಗೊಂದು ದೊಡ್ಡ ಪಾಠವಿದೆ. ಆಟದಲ್ಲಿ ಸದ್ದು ಅಲಂಕಾರಕ್ಕೆ ಮಾತ್ರ ಇರುವುದಿಲ್ಲ, ಅದು ಸುದ್ದಿಯನ್ನೂ ಹೇಳುತ್ತದೆ. ಆಡುವವರ ಕಣ್ಣು ಮರಿಯ ಮೇಲಿರುವಾಗ ಹದ್ದಿನ ರೆಕ್ಕೆಯ ಸದ್ದು ಕಿವಿಗೆ ಬಿದ್ದರೆ ತಾನೇ ಕೈ ಓಡುವುದು?

ಅಡುಗೆಮನೆಯಲ್ಲೇ ಧ್ವನಿಮುದ್ರಣ

ಅಂತರ್ಜಾಲದಲ್ಲಿ ಸಿದ್ಧ ಸದ್ದುಗಳು ಬೇಕಾದಷ್ಟು ಸಿಗುತ್ತವೆ. ಆದರೆ ಅವುಗಳಲ್ಲಿ ಕೆಲವನ್ನು ಎಲ್ಲರೂ ಬಳಸಬಹುದು, ಕೆಲವಕ್ಕೆ ಮಾಲೀಕರ ಅನುಮತಿ ಬೇಕು. ಆ ಗೊಡವೆಯೇ ಬೇಡವೆಂದು ಎಲ್ಲವನ್ನೂ ಮನೆಯಲ್ಲೇ ತಯಾರಿಸಲು ಮಗಳು ನಿರ್ಧರಿಸಿದಳು. ಮುಂದಿನ ಎರಡು ದಿನ ನಮ್ಮ ಅಡುಗೆಮನೆ ಅವಳ ವಶವಾಯಿತು.

ಮೊರದಲ್ಲಿ ಅಕ್ಕಿ ಕೇರುವ ಸದ್ದು ಹೆಂಚಿನ ಮೇಲೆ ಬೀಳುವ ಮಳೆಯಂತೆಯೇ ಕೇಳಿಸುತ್ತದೆ. ಒದ್ದೆ ಟವೆಲನ್ನು ಜೋರಾಗಿ ಕೊಡವಿದರೆ ಹದ್ದಿನ ರೆಕ್ಕೆ. ತಗಡನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿದರೆ ಗುಡುಗು. ಹಿಂದಿನ ಕಾಲದ ನಾಟಕದವರೂ ಇದನ್ನೇ ಮಾಡುತ್ತಿದ್ದರು. ಎಣ್ಣೆ ಕಾಣದ ಕಪಾಟಿನ ಬಾಗಿಲು ಗೂಡಿನ ಬಾಗಿಲಾಯಿತು. ಒಂದು ಮರಿ ಗೂಡು ಸೇರಿದ್ದಕ್ಕೆ ಸ್ಟೀಲ್ ಲೋಟಕ್ಕೆ ಚಮಚ ತಾಗಿಸಿದ ಸದ್ದು. ಮರಿಗಳ ಚಿಲಿಪಿಲಿ ಪಕ್ಕದ ಮನೆಯ ಅಂಗಳದ್ದು.

ಮರಿಗಳನ್ನು ಕರೆಯುವ ಧ್ವನಿ ಮಾತ್ರ ನಾನಿಯದು. "ಬಾ... ಬಾ... ಬಾ..." ಎಂದು ಅವರು ಎಂದಿನಂತೆ ಕರೆದರು. ಮೂರೇ ಸೆಕೆಂಡು. ಕರೆದು ಮುಗಿಸಿ ತಾವೇ ನಕ್ಕುಬಿಟ್ಟರು. ಆ ನಗು ರೆಕಾರ್ಡ್ ಆಗಲಿಲ್ಲ. ಅಷ್ಟರಲ್ಲಿ ಮಗಳು ಬಟನ್ ಒತ್ತಿ ನಿಲ್ಲಿಸಿದ್ದಳು.

ಆಟ ಸಿದ್ಧವಾಯಿತು. ನಾನಿಯ ಧ್ವನಿ ಕೇಳಿದೊಡನೆ ಮರಿಗಳೆಲ್ಲ ಒಟ್ಟಾಗಿ ಬರುವುದನ್ನು ನೋಡಿ ಮನೆಯವರೆಲ್ಲ ಹಿಗ್ಗಿದೆವು.

ಹೊರಲಾರದ ಹೊರೆ

ತೊಂದರೆ ಶುರುವಾದದ್ದು ಆಟವನ್ನು ಕಳುಹಿಸುವಾಗ. ದಮ್ಮಾಮ್‌ನಲ್ಲಿರುವ ನನ್ನ ತಮ್ಮನ ಮಕ್ಕಳಿಗೂ ಊರಿನಲ್ಲಿರುವ ಅಣ್ಣನ ಮಕ್ಕಳಿಗೂ ಅದು ಬೇಕಿತ್ತು. ಊರಿನಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಮಾಳಿಗೆ ಹತ್ತಬೇಕು. ಲೆಕ್ಕ ಹಾಕಿದರೆ ಸದ್ದಿನ ಕಡತಗಳೇ ಸುಮಾರು 59 ಎಂ.ಬಿ. ಇದ್ದವು. ಎರಡು ನಿಮಿಷದ ಮಳೆಗೆ 21 ಎಂ.ಬಿ., ಮೂರು ನಿಮಿಷದ ಹಕ್ಕಿಗಳ ಕಲರವಕ್ಕೆ 32 ಎಂ.ಬಿ., ಮೂರು ಮೂರು ಸೆಕೆಂಡಿನ 12 ಚಿಕ್ಕ ಸದ್ದುಗಳಿಗೆ 6 ಎಂ.ಬಿ.ಗೂ ಹೆಚ್ಚು.

ಇಷ್ಟೇಕೆ? ಕಂಪ್ಯೂಟರ್ ಧ್ವನಿಯನ್ನು ಅಂಕಿಗಳಾಗಿ ಬರೆದಿಡುತ್ತದೆ. ಸಿ.ಡಿ.ಯ ಗುಣಮಟ್ಟ ಬೇಕಾದರೆ ಒಂದು ಸೆಕೆಂಡಿನ ಧ್ವನಿಯನ್ನು 44,100 ಬಾರಿ ಅಳೆಯುತ್ತದೆ. ಪ್ರತಿ ಅಳತೆಗೆ 16 ಬಿಟ್, ಅಂದರೆ ಎರಡು ಬೈಟ್ ಜಾಗ ಬೇಕು. ಎಡಗಿವಿಗೊಂದು ಬಲಗಿವಿಗೊಂದು ಎಂದು ಸ್ಟೀರಿಯೋದಲ್ಲಿ ಮುದ್ರಿಸಿದರೆ ಅದರ ಎರಡು ಪಟ್ಟು. ಒಟ್ಟು ಸೆಕೆಂಡಿಗೆ 1,76,400 ಬೈಟ್, ನಿಮಿಷಕ್ಕೆ ಸುಮಾರು 10 ಎಂ.ಬಿ. ವೇವ್ ಎಂಬ ಕಡತದಲ್ಲಿ ಇದೆಲ್ಲ ಸಾಮಾನ್ಯವಾಗಿ ಕುಗ್ಗಿಸದೆ ಇದ್ದಂತೆಯೇ ಇರುತ್ತದೆ.

ಹಾಗಾಗಿ ಕುಗ್ಗಿಸಲೇಬೇಕು. ಮಗಳು ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಚಿಕ್ಕ ಸದ್ದುಗಳನ್ನೆಲ್ಲ ತೆರೆದಳು. ಸೆಕೆಂಡಿಗೆ 44,100 ಇದ್ದ ಅಳತೆಯನ್ನು 8,000ಕ್ಕೆ, 16 ಬಿಟ್ಟನ್ನು 8ಕ್ಕೆ ಇಳಿಸಿದಳು. ಸ್ಟೀರಿಯೋ ತೆಗೆದು ಒಂದೇ ಹಾದಿಯ ಮೋನೋ ಮಾಡಿದಳು. ಐದು ಲಕ್ಷ ಬೈಟ್ ದಾಟಿದ್ದ ನಾನಿಯ ಕರೆ 24 ಕೆ.ಬಿ.ಗೆ ಬಂತು. ಅವಳಿಗೆ ಬಹಳ ಖುಷಿಯಾಯಿತು. ಅದನ್ನು ಅದೇ ಹೆಸರಿನಲ್ಲಿ ಉಳಿಸಿದಳು. ಹಳೆಯದರ ಮೇಲೆ ಬರೆಯಲೇ ಎಂದು ಕಂಪ್ಯೂಟರ್ ಕೇಳಿತಂತೆ. ಹೂಂ ಎಂದಳು.

ಇದರಲ್ಲಿ ಅವಳಿಗಿಂತ ನನ್ನ ತಪ್ಪೇ ಹೆಚ್ಚು. ಅವತ್ತು ಬೆಳಗ್ಗೆಯಷ್ಟೇ ಲ್ಯಾಪ್‌ಟಾಪ್ ತುಂಬಿಹೋಗಿದೆ ಎಂದು ಗದರಿದ್ದೆ. ಫೋನಿನಲ್ಲಿ ಉಳಿದಿದ್ದ ರೆಕಾರ್ಡಿಂಗ್‌ಗಳನ್ನೂ "ಗುಜರಿ ಅಂಗಡಿ ಮಾಡಬೇಡ, ಬೇಡದ್ದನ್ನೆಲ್ಲ ಅಳಿಸು" ಎಂದು ಅಳಿಸಿಸಿದವಳು ನಾನೇ.

ನಾಲ್ಕು ತಿಂಗಳ ನಂತರ ನನ್ನ ತಾಯಿ ತೀರಿಕೊಂಡರು.

ಉಳಿದ ಮೂರು ಸೆಕೆಂಡು

ನಮ್ಮ ಮನೆಯಲ್ಲಿ ಫೋಟೋಗಳಿಗೆ ಕೊರತೆಯಿಲ್ಲ. ಮದುವೆಯವು, ಹಬ್ಬದವು, ಊರಿನವು ಎಷ್ಟೋ ಇವೆ. ಆದರೆ ನನ್ನ ತಾಯಿ ಫೋನಿನಲ್ಲಿ ಹೆಚ್ಚು ಮಾತನಾಡಿದವರಲ್ಲ, ಧ್ವನಿಸಂದೇಶ ಕಳುಹಿಸಿದವರೂ ಅಲ್ಲ. ಅವರ ಧ್ವನಿ ಎಲ್ಲಿದೆ ಎಂದು ಹುಡುಕಿದಾಗ ಸಿಕ್ಕಿದ್ದು ಕೋಳಿ ಆಟದ ಆ ಮೂರು ಸೆಕೆಂಡು ಮಾತ್ರ.

ಆಟದ ಗದ್ದಲದಲ್ಲಿ ಚೆನ್ನಾಗಿಯೇ ಇದ್ದ ಆ ಧ್ವನಿಯನ್ನು ಬೇರೆಯಾಗಿ ಕೇಳಿದಾಗ ಎದೆ ಧಸಕ್ಕೆಂದಿತು. ಬಾವಿಯೊಳಗಿಂದ ಯಾರೋ ಕರೆದಂತಿತ್ತು. ಹಿಂದೆ ಸುಯ್ ಎಂಬ ಶಬ್ದ. ಅವರ ಧ್ವನಿಯ ಕೊನೆಯಲ್ಲಿ ಬರುತ್ತಿದ್ದ ಉಸಿರಿನ ಎಳೆ ಅದರಲ್ಲಿರಲಿಲ್ಲ.

ಮಗಳು ಅದನ್ನು ಮತ್ತೆ 44,100ಕ್ಕೆ ಏರಿಸಿ ನೋಡಿದಳು. ಕಡತ ದೊಡ್ಡದಾಯಿತೇ ಹೊರತು ಧ್ವನಿ ಬದಲಾಗಲಿಲ್ಲ. ಅವಳ ಕಾಲೇಜಿನ ಕಂಪ್ಯೂಟರ್ ಉಪನ್ಯಾಸಕರು ಕಾರಣವನ್ನು ವಿವರಿಸಿ ಹೇಳಿದರು. ಒಂದು ಸ್ವರವನ್ನು ಹಿಡಿದಿಡಬೇಕಾದರೆ ಅದು ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೋ ಅದರ ಎರಡು ಪಟ್ಟಿಗಿಂತ ಹೆಚ್ಚು ಬಾರಿ ಅಳೆಯಬೇಕು. ಎಳೆಯ ವಯಸ್ಸಿನ ಕಿವಿ ಸುಮಾರು 20,000 ಕಂಪನದವರೆಗೆ ಕೇಳಬಲ್ಲದು. 44,100 ಎಂಬ ಅಳತೆ ಅದಕ್ಕೆ ಸಾಕಾಗುವಂತೆ ಇದೆ. 8,000 ಬಾರಿ ಮಾತ್ರ ಅಳೆದರೆ 4,000 ಕಂಪನಕ್ಕಿಂತ ಮೇಲಿನದ್ದೆಲ್ಲ ಹೋಗಿಬಿಡುತ್ತದೆ. ಹಳೆಯ ಟೆಲಿಫೋನ್ ಜಾಲದ ಅಳತೆಯೂ 8,000ವೇ ಆಗಿತ್ತು.

ನಾನು ಮದ್ರಸದಲ್ಲಿ ಓದಿದವಳು. ಅಕ್ಷರಗಳ ಉಚ್ಚಾರವನ್ನು ಕಿವಿಗೊಟ್ಟು ಕಲಿತವಳು. ಸೀನ್ ಮತ್ತು ಸಾ ಅಕ್ಷರಗಳ ವ್ಯತ್ಯಾಸ ಎದುರು ಕುಳಿತು ಕೇಳಿದರೆ ಸ್ಪಷ್ಟ, ಹಳೆಯ ಫೋನಿನಲ್ಲಿ ಕೇಳಿದರೆ ಅಸ್ಪಷ್ಟ. ಇದು ಏಕೆಂದು ಅಂದು ತಿಳಿದಿರಲಿಲ್ಲ, ಈಗ ತಿಳಿಯಿತು. ಸಕಾರದಂತಹ ಅಕ್ಷರಗಳ ಗುರುತು ಬಹುಪಾಲು ಆ 4,000ದ ಮೇಲೆಯೇ ಇರುತ್ತದೆ.

ಬಿಟ್‌ಗಳ ವಿಷಯವೂ ಹೀಗೆಯೇ. 16 ಬಿಟ್‌ನಲ್ಲಿ ಧ್ವನಿಯ ಏರಿಳಿತಕ್ಕೆ 65,536 ಮೆಟ್ಟಿಲುಗಳಿವೆ. 8 ಬಿಟ್‌ನಲ್ಲಿ 256 ಮಾತ್ರ. ಮೆಲುದನಿ ಆ ದೊಡ್ಡ ಮೆಟ್ಟಿಲುಗಳ ನಡುವೆ ಸಿಕ್ಕಿ ಸುಯ್ ಎನ್ನುತ್ತದೆ. ಹೀಗೆ ಹೋದದ್ದನ್ನು ಯಾವ ತಂತ್ರಾಂಶವೂ ಇದ್ದ ಹಾಗೆ ಮರಳಿ ತರಲಾರದು. ಊಹಿಸಿ ತುಂಬಿಸಿ ಕೊಡಬಹುದು. ಅದು ನನ್ನ ತಾಯಿಯ ಧ್ವನಿಯಾಗುವುದಿಲ್ಲ.

ಕುಗ್ಗಿಸುವ ಸರಿಯಾದ ಬಗೆ

ಮಗಳು ಮೂರು ವಾರ ಆಟವನ್ನು ತೆರೆಯಲಿಲ್ಲ. ಆಮೇಲೆ ಅವಳೇ ಕೂತು ಈ ವಿದ್ಯೆಯನ್ನು ಮೊದಲಿನಿಂದ ಕಲಿತಳು. ಅವಳು ಕಲಿತದ್ದನ್ನು ನಿಮ್ಮ ಮನೆಯ ಮಕ್ಕಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಜಾಗ ಉಳಿಸುವ ಚಿಂತೆ ಇಂದಿನದಲ್ಲ. 1990ರಲ್ಲಿ ಜಪಾನಿನ ನಿಂಟೆಂಡೋ ಕಂಪೆನಿಯ ಸೂಪರ್ ಫ್ಯಾಮಿಕಾಮ್ ಎಂಬ ಆಟದ ಯಂತ್ರ ಬಂತು. ಅದರಲ್ಲಿ ಸದ್ದಿಗೆಂದೇ ಇದ್ದ ಸ್ಮರಣೆ 64 ಕೆ.ಬಿ. ಮಾತ್ರ. ಅದರ ಧ್ವನಿಭಾಗವನ್ನು ರೂಪಿಸಿದವರು ಸೋನಿಯ ಕೆನ್ ಕುತರಾಗಿ. 32 ಬೈಟ್ ಬೇಕಾಗುವ 16 ಅಳತೆಗಳನ್ನು ಅದು 9 ಬೈಟ್‌ನಲ್ಲಿ ಅಡಕ ಮಾಡುತ್ತಿತ್ತು. 1993ರಲ್ಲಿ ಬಂದ ಡೂಮ್ ಎಂಬ ಆಟದ ಸದ್ದುಗಳು 8 ಬಿಟ್, ಸೆಕೆಂಡಿಗೆ 11,025 ಅಳತೆಯವು. ಗುಂಡು ಹಾರಿಸುವ ಆ ಆಟವನ್ನು ಮಕ್ಕಳ ಕೈಗೆ ಕೊಡಿ ಎಂದು ನಾನು ಹೇಳುವುದಿಲ್ಲ. ಆದರೆ ಅಷ್ಟು ಕಡಿಮೆ ಜಾಗದಲ್ಲೂ ಸದ್ದು ತನ್ನ ಕೆಲಸ ಮಾಡಬಲ್ಲದು ಎಂಬುದಕ್ಕೆ ಅದು ಸಾಕ್ಷಿ.

ಈಗ ಮನೆಯಲ್ಲಿ ಆಟ ಮಾಡುವವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ವ್ಯತ್ಯಾಸ ಬರೆಯುವ ದಾರಿ. ಮನೆಯ ಲೆಕ್ಕದ ಪುಸ್ತಕದಲ್ಲಿ ಪ್ರತಿದಿನ ಪೂರ್ತಿ ಮೊತ್ತ ಬರೆಯುವ ಬದಲು "ನಿನ್ನೆಗಿಂತ ಐದು ಹೆಚ್ಚು, ಮೂರು ಕಡಿಮೆ" ಎಂದು ಬರೆದರೆ ಜಾಗ ಉಳಿಯುತ್ತದೆಯಲ್ಲವೇ? ಎ.ಡಿ.ಪಿ.ಸಿ.ಎಂ. ಎಂಬ ವಿಧಾನ ಹೀಗೆ ಕೆಲಸ ಮಾಡುತ್ತದೆ. 16 ಬಿಟ್ ಬೇಕಾದಲ್ಲಿ 4 ಬಿಟ್ ಸಾಕು, ಅಂದರೆ ನಾಲ್ಕನೇ ಒಂದು ಭಾಗ. ಸ್ವಲ್ಪ ಸುಯ್ ಎನ್ನುವುದು ಇದರ ದೋಷ. ಬಿಡಿಸಿ ಓದಲು ಕಂಪ್ಯೂಟರಿಗೆ ಹೆಚ್ಚು ಶ್ರಮವಿಲ್ಲ ಎಂಬುದು ಇದರ ಗುಣ. ಹೆಜ್ಜೆ, ಬಾಗಿಲು, ಲೋಟದ ಸದ್ದುಗಳಂತಹ ಚಿಕ್ಕವು ಒಟ್ಟೊಟ್ಟಿಗೆ ಕೇಳಿಬರುವಾಗ ಇದೇ ಒಳ್ಳೆಯದು.

ಎರಡನೆಯದು ಕಿವಿಯ ಸ್ವಭಾವ ನೋಡಿ ಬಿಡುವ ದಾರಿ. ಕುಕ್ಕರ್ ಸೀಟಿ ಹೊಡೆಯುವಾಗ ಫ್ಯಾನಿನ ಸದ್ದು ನಮಗೆ ಕೇಳಿಸುವುದಿಲ್ಲ. ಹೀಗೆ ಒಂದರ ಮರೆಯಲ್ಲಿ ಅಡಗುವ ಸದ್ದನ್ನು ಒರಟಾಗಿ ಬರೆದರೂ ಬಿಟ್ಟರೂ ಕೇಳುಗರಿಗೆ ತಿಳಿಯುವುದಿಲ್ಲ. ಎಂಪಿ3ಯ ಮೂಲತತ್ವ ಇದು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಸಂಗಡಿಗರು ಇದಕ್ಕಾಗಿ ವರ್ಷಗಟ್ಟಲೆ ದುಡಿದರು. ಆ ಕಡತಗಳಿಗೆ ಎಂಪಿ3 ಎಂಬ ಹೆಸರು 1995ರಲ್ಲಿ ಬಂತು. ಅದರ ಪೇಟೆಂಟ್ ಪರವಾನಗಿ ವ್ಯವಸ್ಥೆ 2017ರಲ್ಲಿ ಕೊನೆಗೊಂಡಿತು. ಅದಕ್ಕೂ ಮೊದಲೇ, ಯಾರ ಪರವಾನಗಿಯೂ ಬೇಡದ ಆಗ್ ವೋರ್ಬಿಸ್ ಎಂಬ ಬಗೆ 2002ರಲ್ಲಿ ಪೂರ್ಣರೂಪದಲ್ಲಿ ಹೊರಬಂದಿತ್ತು.

ಮಳೆಯಂತೆ ನಿಲ್ಲದೆ ಕೇಳಿಸುತ್ತಿರಬೇಕಾದ ಉದ್ದ ಸದ್ದುಗಳಿಗೆ ಈ ಎರಡನೆಯ ದಾರಿಯೇ ಸರಿ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಎಂಪಿ3 ಧ್ವನಿಯನ್ನು 1,152 ಅಳತೆಗಳ ಕಟ್ಟುಗಳಾಗಿ ಮಾಡುತ್ತದೆ. ಕಟ್ಟು ತುಂಬದಿದ್ದರೆ ಮೌನ ಸೇರಿಸುತ್ತದೆ, ಆರಂಭದಲ್ಲೂ ತುಸು ಮೌನ ಬಂದು ಸೇರುತ್ತದೆ. ಹಾಡು ಕೇಳುವವರಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ಮಳೆಯನ್ನು ಸುತ್ತಿ ಸುತ್ತಿ ಕೇಳಿಸುವಾಗ ಪ್ರತಿ ಸುತ್ತಿಗೂ ಮಳೆ ಒಂದು ಕ್ಷಣ ತಡವರಿಸಿದಂತೆ ಆಗುತ್ತದೆ. ಆಗ್ ಕಡತದಲ್ಲಿ ಧ್ವನಿ ಎಲ್ಲಿ ಮುಗಿಯುತ್ತದೆ ಎಂಬುದು ನಿಖರವಾಗಿ ದಾಖಲಾಗುವುದರಿಂದ ಈ ತೊಡಕಿಲ್ಲ.

ಲೆಕ್ಕ ಹೀಗಾಯಿತು

ಮಗಳು ಮತ್ತೆ ಮೊರ ಹಿಡಿದು ಕೂತಳು. ಈ ಬಾರಿ ಫ್ಯಾನ್ ನಿಲ್ಲಿಸಿ, ಕಿಟಕಿಗೆ ರಜಾಯಿ ಇಳಿಬಿಟ್ಟು, ಫೋನನ್ನು ಮಡಚಿದ ಟವೆಲ್ ಮೇಲಿಟ್ಟು ರೆಕಾರ್ಡ್ ಮಾಡಿದಳು. ಪ್ರತಿ ಸಲ ಮೊದಲ ನಾಲ್ಕು ಸೆಕೆಂಡು ಸುಮ್ಮನಿದ್ದಳು. ಆ ಖಾಲಿ ಕೋಣೆಯ ಸದ್ದನ್ನು ಮಾದರಿಯಾಗಿ ತೋರಿಸಿದರೆ ಆಡಾಸಿಟಿಯ ನಾಯ್ಸ್ ರಿಡಕ್ಷನ್ ಹಿನ್ನೆಲೆಯ ಗುಂಯ್ ಎನ್ನುವುದನ್ನು ತಗ್ಗಿಸುತ್ತದೆ. ನಂತರ ಹಿಂದು ಮುಂದಿನ ಮೌನವನ್ನು ಕತ್ತರಿಸಿದಳು. ಇದರಿಂದಲೂ ಜಾಗ ಉಳಿಯುತ್ತದೆ. ಬಟನ್ ಒತ್ತಿದೊಡನೆ ಸದ್ದು ಕೇಳಿಸಲೂ ಇದು ಬೇಕು.

ಎರಡು ನಿಮಿಷದ ಮಳೆ ಬೇಕಿರಲಿಲ್ಲ. ಕೊನೆ ಮೊದಲು ಹೊಂದುವಂತೆ ಮಾಡಿದ 20 ಸೆಕೆಂಡೇ ಸಾಕಾಯಿತು. ಸೆಕೆಂಡಿಗೆ 96,000 ಬಿಟ್‌ನ ಆಗ್ ಕಡತವಾಗಿ ಅದು 240 ಕೆ.ಬಿ. ಹಕ್ಕಿಗಳ ಕಲರವ 30 ಸೆಕೆಂಡು, 360 ಕೆ.ಬಿ. ಚಿಕ್ಕ ಸದ್ದುಗಳನ್ನು ಮೋನೋ ಮಾಡಿ, ಅಳತೆಯನ್ನು 22,050ಕ್ಕೆ ಇಳಿಸಿ, ಎ.ಡಿ.ಪಿ.ಸಿ.ಎಂ. ಆಯ್ಕೆ ಮಾಡಿದಾಗ ಮೂರು ಸೆಕೆಂಡಿನ ಒಂದಕ್ಕೆ 33 ಕೆ.ಬಿ. ಹನ್ನೆರಡಕ್ಕೆ ಸುಮಾರು 400 ಕೆ.ಬಿ. ಎಲ್ಲ ಸೇರಿ 59 ಎಂ.ಬಿ. ಇದ್ದದ್ದು ಒಂದು ಎಂ.ಬಿ.ಗೆ ಬಂತು. ಆಡಿದ ಮಕ್ಕಳಲ್ಲಿ ಒಬ್ಬರಿಗೂ ಸದ್ದು ಕೆಟ್ಟಿದೆ ಅನಿಸಲಿಲ್ಲ.

ಈ ಲೆಕ್ಕವನ್ನು ಅವಳು ನನಗೆ ತೋರಿಸುವಾಗ ಒಂದು ಅಂಕಿಯ ಬಳಿ ನಿಂತಳು. ನಾನಿಯ ಧ್ವನಿಯನ್ನು ಅಂದು 24 ಕೆ.ಬಿ.ಗೆ ಇಳಿಸಿದ್ದಳು. ಸರಿಯಾಗಿ ಮಾಡಿದ್ದರೆ 33 ಕೆ.ಬಿ. ಆಗುತ್ತಿತ್ತು. ಉಳಿದದ್ದು ಬರೀ 9 ಕೆ.ಬಿ. ಮೂಲವನ್ನೇ ಇಟ್ಟುಕೊಂಡಿದ್ದರೂ ಅದು ಅರ್ಧ ಎಂ.ಬಿ.ಗಿಂತ ತುಸು ಹೆಚ್ಚು. ನಮ್ಮ ಫೋನಿನಲ್ಲಿರುವ ಹಬ್ಬದ ಒಂದು ಫೋಟೋಗೆ ಅದರ ಐದಾರು ಪಟ್ಟು ಜಾಗ ಹೋಗಿದೆ.

ಇನ್ನೊಂದು ಮಾತನ್ನೂ ಹೇಳಿದಳು. ಗೊಡಾಟ್‌ನಲ್ಲಿ ವೇವ್ ಕಡತವನ್ನು ಹಾಕಿ, ಅದರ ಇಂಪೋರ್ಟ್ ಪುಟದಲ್ಲೇ ಮೋನೋ, ಅಳತೆ, ಕುಗ್ಗಿಸುವ ಬಗೆ ಎಲ್ಲವನ್ನೂ ಆರಿಸಬಹುದು. ಅದು ಆಟಕ್ಕೆ ಬೇಕಾದ ಪ್ರತಿಯನ್ನು ಬೇರೆಯಾಗಿ ಮಾಡಿಕೊಳ್ಳುತ್ತದೆ, ನಾವು ಕೊಟ್ಟ ಮೂಲ ಕಡತವನ್ನು ಮುಟ್ಟುವುದಿಲ್ಲ. ಇದು ಮೊದಲೇ ಗೊತ್ತಿದ್ದರೆ ಆಡಾಸಿಟಿಯಲ್ಲಿ ಅಳಿಸಿ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಹನ್ನೊಂದು ಸದ್ದುಗಳನ್ನು ಹೊಸದಾಗಿ ಮಾಡಿದಳು. ಹನ್ನೆರಡನೆಯದನ್ನು ಇದ್ದಂತೆಯೇ ಬಿಟ್ಟಳು. ಅದನ್ನು ಮತ್ತೆ ಕುಗ್ಗಿಸಲಿಲ್ಲ. ಒಮ್ಮೆ ಕುಗ್ಗಿದ್ದನ್ನು ಮತ್ತೆ ಕುಗ್ಗಿಸಿದರೆ ಪ್ರತಿ ಸಲವೂ ಇನ್ನಷ್ಟು ಹೋಗುತ್ತದೆ.

ಎರಡು ಫೋಲ್ಡರ್

ಓದುಗ ಸಹೋದರಿಯರೇ, ನಿಮ್ಮ ಮನೆಯಲ್ಲೂ ಆಟ ಮಾಡುವ, ವೀಡಿಯೋ ಮಾಡುವ ಮಕ್ಕಳಿರಬಹುದು. ಅವರ ಕಂಪ್ಯೂಟರಿನಲ್ಲಿ ಎರಡು ಫೋಲ್ಡರ್ ಇರುವಂತೆ ನೋಡಿಕೊಳ್ಳಿ. ಒಂದು ಮೂಲದ್ದು, ಇನ್ನೊಂದು ಆಟದ್ದು. ಕತ್ತರಿಸುವುದು, ಕುಗ್ಗಿಸುವುದು ಎಲ್ಲ ಎರಡನೆಯದರಲ್ಲಿ ನಡೆಯಲಿ. ಮೂಲದ ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲೋ ಬೇರೆ ಫೋನಿನಲ್ಲೋ ಇರಲಿ. ಜಾಗ ಸಾಲದಿದ್ದರೆ ಮೂಲವನ್ನು ಫ್ಲಾಕ್ ಎಂಬ ಬಗೆಯಲ್ಲಿ ಇಡಬಹುದು. ಅದು ಎಂಪಿ3ಯಷ್ಟು ಚಿಕ್ಕದಾಗುವುದಿಲ್ಲ, ಆದರೆ ಒಂದು ಅಂಕಿಯನ್ನೂ ಬಿಡುವುದಿಲ್ಲ. ಬಿಚ್ಚಿದರೆ ಇದ್ದದ್ದು ಇದ್ದಂತೆಯೇ ಸಿಗುತ್ತದೆ.

ಫೋನಿನ ರೆಕಾರ್ಡರ್‌ನಲ್ಲಿ ಗುಣಮಟ್ಟ ಆರಿಸುವ ಅವಕಾಶವಿದ್ದರೆ ಎಲ್ಲಕ್ಕಿಂತ ಮೇಲಿನದನ್ನು ಆರಿಸಿ. ವಾಟ್ಸಾಪಿನ ಧ್ವನಿಸಂದೇಶ ಆಗಲೇ ಕುಗ್ಗಿರುತ್ತದೆ. ಅದು ಸುದ್ದಿ ಹೇಳಲು ಸಾಕು, ಜೋಪಾನ ಮಾಡಬೇಕಾದ ಧ್ವನಿಗೆ ಸಾಲದು. ಒಳ್ಳೆಯ ರೆಕಾರ್ಡಿಂಗನ್ನು ಕಳುಹಿಸುವಾಗ ಡಾಕ್ಯುಮೆಂಟ್ ಎಂದು ಆರಿಸಿ ಕಳುಹಿಸಿ. ಮಕ್ಕಳಿಗೆ "ಬೇಡದ್ದನ್ನು ಅಳಿಸು" ಎಂದು ಹೇಳುವ ಮೊದಲು ಅದರಲ್ಲೇನಿದೆ ಎಂದು ಒಮ್ಮೆ ಅವರ ಜೊತೆ ಕುಳಿತು ಕೇಳಿ. ನಾನು ಕೇಳಲಿಲ್ಲ.

ಕಳೆದ ತಿಂಗಳು ನನ್ನ ಖಾಲಾ, ಅಂದರೆ ನನ್ನ ತಾಯಿಯ ತಂಗಿ, ಬಂದು ನಾಲ್ಕು ದಿನ ಇದ್ದು ಹೋದರು. ಮಗಳ ಆಟಕ್ಕೆ ಈಗ ಒಂದು ಬೆಕ್ಕು ಸೇರಿದೆ. ಬೆಕ್ಕನ್ನು ಓಡಿಸುವ ಧ್ವನಿ ಬೇಕೆಂದು ಅವರನ್ನು ಕೇಳಿದಳು. ಅವರು ಸುಮ್ಮನೆ ಓಡಿಸಲಿಲ್ಲ. ಚಿಕ್ಕಂದಿನಲ್ಲಿ ಅಕ್ಕನೊಂದಿಗೆ ಸೇರಿ ಹಾಲು ಕುಡಿದ ಬೆಕ್ಕಿನ ಹಿಂದೆ ಓಡಿದ ಕಥೆ ಹೇಳಿದರು, ಅಕ್ಕ ಹೇಗೆ ಕೂಗುತ್ತಿದ್ದಳೆಂದು ಕೂಗಿ ತೋರಿಸಿದರು, ಕೊನೆಗೆ ಕಣ್ಣೊರೆಸಿಕೊಂಡು ನಕ್ಕರು. ಇಪ್ಪತ್ತೆರಡು ನಿಮಿಷವಾಯಿತು. ಮಗಳು ಎಲ್ಲಿಯೂ ಬಟನ್ ಒತ್ತಿ ನಿಲ್ಲಿಸಲಿಲ್ಲ.

ಆಟಕ್ಕೆ ಬೇಕಾಗಿದ್ದದ್ದು ಅದರಲ್ಲಿ ಎರಡು ಸೆಕೆಂಡು. ಅದನ್ನು ಕತ್ತರಿಸಿ ಕುಗ್ಗಿಸಿ ಆಟದ ಫೋಲ್ಡರಿಗೆ ಹಾಕಿದಳು. ಪೂರ್ತಿಯದು ಮೂಲದ ಫೋಲ್ಡರಿನಲ್ಲಿದೆ. ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿ ನನ್ನ ಬೀರುವಿನಲ್ಲಿ, ಮನೆಯ ಕಾಗದಪತ್ರಗಳ ಜೊತೆ ಇಟ್ಟಿದ್ದೇನೆ.